ಅಜ್ಜಿಯ ಆರೋಗ್ಯವೇ ಮೊಮ್ಮಕ್ಕಳ ಆಸರೆ

ತಂದೆ-ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ನಮ್ಮ ಊರುಗಳಲ್ಲಿ ಮೊದಲು ಆಸರೆಯಾಗುವವರು ಅಜ್ಜ-ಅಜ್ಜಿಯರು. ಕ್ಷಯ, ಎಚ್‌ಐವಿ, ಅಪಘಾತ, 2020-21ರ ಕೋವಿಡ್, ಹೀಗೆ ಕಾರಣ ಯಾವುದೇ ಇರಲಿ, ವಿಶ್ರಾಂತಿಯ ವಯಸ್ಸಿನಲ್ಲಿ ಇವರ ಹೆಗಲಿಗೆ ಮತ್ತೆ ಸಂಸಾರದ ನೊಗ ಬೀಳುತ್ತದೆ. “ನನ್ನದೇನು ಬಿಡಿ, ಮೊದಲು ಕೂಸಿಗೆ ಆಗಲಿ” ಎಂದು ಅನೇಕರು ತಮ್ಮ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಇದು ಪ್ರೀತಿಯೇ ಹೌದು. ಆದರೆ ಆ ಮಗುವಿಗೆ ಉಳಿದಿರುವ ಆಧಾರ ನೀವೇ ಎಂಬುದನ್ನು ಮರೆಯಬಾರದು.

ಹಿರಿಯರು ಗಮನಿಸಬೇಕಾದದ್ದು

1. ಬಿ.ಪಿ. ಹೆಚ್ಚಿದ್ದರೂ ಅನೇಕರಿಗೆ ಏನೂ ತೊಂದರೆ ಕಾಣಿಸುವುದಿಲ್ಲ. ಆರಾಮವಾಗಿದ್ದೇನೆಂದು ಗುಳಿಗೆ ಬಿಟ್ಟರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಹೆಚ್ಚುತ್ತದೆ.

2. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಇದ್ದ ರೊಟ್ಟಿಯನ್ನು ಮಕ್ಕಳಿಗೆ ಬಡಿಸಿ ಉಪವಾಸ ಇರಬೇಡಿ. ಕೆಲವು ಗುಳಿಗೆಗಳಿಂದ ಸಕ್ಕರೆ ಅಂಶ ಒಮ್ಮೆಲೇ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಉಂಟಾಗಬಹುದು.

3. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು “ಮಕ್ಕಳನ್ನು ಯಾರು ನೋಡುತ್ತಾರೆ” ಎಂದು ಮುಂದೂಡಬೇಡಿ. ನೆರೆಮನೆಯವರನ್ನು ಕೇಳಲು ಸಂಕೋಚ ಬೇಡ.

ಮಕ್ಕಳ ವಿಷಯದಲ್ಲಿ

ತಂದೆ ಅಥವಾ ತಾಯಿ ಕ್ಷಯ ಇಲ್ಲವೇ ಎಚ್‌ಐವಿಯಿಂದ ತೀರಿಕೊಂಡಿದ್ದರೆ ಮಗುವಿಗೂ ತಪಾಸಣೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಬೇಗ ತಿಳಿದರೆ ಮಗು ಔಷಧಿ ತೆಗೆದುಕೊಳ್ಳುತ್ತಾ ಎಲ್ಲರಂತೆ ಬೆಳೆಯಬಲ್ಲದು.

ದುಃಖವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವು, ಶಾಲೆಗೆ ಹೋಗಲು ಹಟ ಇವೆಲ್ಲ ಅದರ ಗುರುತುಗಳಾಗಿರಬಹುದು. ಹೊಡೆಯಬೇಡಿ. “ಅಪ್ಪ ಊರಿಗೆ ಹೋಗಿದ್ದಾನೆ” ಎಂದು ಹೇಳಿದರೆ ಮಗು ದಿನವೂ ದಾರಿ ಕಾಯುತ್ತದೆ. ತೀರಿಕೊಂಡಿದ್ದಾರೆ, ಅದು ನಿನ್ನ ತಪ್ಪಿನಿಂದಲ್ಲ, ನಾನು ನಿನ್ನ ಜೊತೆಗಿದ್ದೇನೆ ಎಂದು ಸರಳವಾಗಿ ತಿಳಿಸಿ.

ದೊರೆಯುವ ನೆರವು

ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ, ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ತಿಂಗಳಿಗೆ ರೂ. 4,000 ನೆರವಿಗೆ ಅವಕಾಶವಿದೆ. ಆದಾಯ ಮಿತಿ ಇರುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. 65 ದಾಟಿದ ಬಡ ಹಿರಿಯರು ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಬಹುದು. ತಂದೆ-ತಾಯಿಯ ಮರಣ ಪತ್ರ, ಮಗುವಿನ ಜನನ ಪತ್ರ, ಆಧಾರ್, ಪಡಿತರ ಚೀಟಿ ಒಂದೇ ಕಡೆ ಭದ್ರವಾಗಿಡಿ. ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡಿ.

ಊರಿನವರ ಹೊಣೆ

ಬಸವಾದಿ ಶರಣರು ಕಲಿಸಿದ ದಾಸೋಹ ಕೇವಲ ಅನ್ನದ್ದಲ್ಲ. ತುಮಕೂರಿನ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡುತ್ತಾ ಬಂದಿರುವುದು ನಾಡಿಗೇ ಗೊತ್ತು. ಅಷ್ಟು ದೊಡ್ಡದನ್ನು ಎಲ್ಲರೂ ಮಾಡಲಾಗದು. ಆದರೆ ಅಜ್ಜಿ ಆಸ್ಪತ್ರೆಗೆ ಬಂದ ದಿನ ಮಕ್ಕಳಿಗೆ ಊಟ ಹಾಕುವುದು, ಅರ್ಜಿ ಬರೆದುಕೊಡುವುದು, ಸಂಜೆ ಪಾಠ ಹೇಳುವುದು ಓಣಿಯವರ ಕೈಲಾಗುವ ದಾಸೋಹ.

ಕೊನೆಯದಾಗಿ, “ನನ್ನ ನಂತರ ಯಾರು?” ಎಂಬ ಪ್ರಶ್ನೆಯನ್ನು ಮುಚ್ಚಿಡಬೇಡಿ. ಗಟ್ಟಿಯಾಗಿರುವಾಗಲೇ ಸೋದರಮಾವ, ಚಿಕ್ಕಪ್ಪ, ಚಿಕ್ಕಮ್ಮಂದಿರನ್ನು ಕೂರಿಸಿ ಮಾತನಾಡಿ, ಮಗುವಿನ ಮನಸ್ಸನ್ನೂ ಕೇಳಿ. ಮುಂದಿನ ಸಲ ತಪಾಸಣೆಗೆ ಬರುವಾಗ ಮೊಮ್ಮಕ್ಕಳನ್ನೂ ಕರೆತನ್ನಿ. ನಿಮ್ಮ ಮನೆಯ ಪರಿಸ್ಥಿತಿಯನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.