ಶೇಕಡಾ 99 ಖಚಿತ, ಆದರೂ ಸೋಲು!

2016ರ ಮಾರ್ಚ್ 8ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆ. ಹಿಲರಿ ಕ್ಲಿಂಟನ್ ಸರಾಸರಿ ಶೇ 20ರಷ್ಟು ಅಂತರದಿಂದ ಮುಂದಿದ್ದಾರೆಂದು ಸಮೀಕ್ಷೆಗಳು ಸಾರಿದ್ದವು. ಅಂಕಿಅಂಶಗಳಿಂದ ಚುನಾವಣಾ ಭವಿಷ್ಯ ಹೇಳುವುದರಲ್ಲಿ ಹೆಸರು ಮಾಡಿದ್ದ ‘ಫೈವ್‌ಥರ್ಟಿಎಯ್ಟ್’ ಅವರ ಗೆಲುವಿನ ಸಾಧ್ಯತೆಯನ್ನು ಶೇ 99ಕ್ಕೂ ಮೇಲಿಟ್ಟಿತ್ತು. ಮತ ಎಣಿಸಿದಾಗ ಗೆದ್ದವರು ಬರ್ನಿ ಸ್ಯಾಂಡರ್ಸ್, ಅದೂ ಸುಮಾರು ಶೇ ಒಂದೂವರೆ ಅಂತರದಿಂದ. ಅಷ್ಟೊಂದು ಗಣಕಯಂತ್ರ, ಅಷ್ಟೊಂದು ಗಣಿತ ಇದ್ದೂ ಲೆಕ್ಕ ಜಾರಿದ್ದೆಲ್ಲಿ?

ಅಮೆರಿಕದ ಅಧ್ಯಕ್ಷ ಚುನಾವಣೆ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಪಕ್ಷದ ಉಮೇದುವಾರ ಯಾರೆಂಬುದು ತೀರ್ಮಾನವಾಗಬೇಕಲ್ಲ? ನಮ್ಮಲ್ಲಿ ಟಿಕೆಟ್ ಹಂಚುವವರು ಪಕ್ಷದ ವರಿಷ್ಠರು; ಅಲ್ಲಿ ಆ ಕೆಲಸ ಮತದಾರರದು. ವರ್ಷದ ಆರಂಭದಿಂದ ಜೂನ್‌ವರೆಗೆ ರಾಜ್ಯದಿಂದ ರಾಜ್ಯಕ್ಕೆ ಮತದಾನ ಸಾಗುತ್ತದೆ. ಪಡೆದ ಮತಗಳ ಲೆಕ್ಕದಲ್ಲಿ ಸ್ಪರ್ಧಿಗಳಿಗೆ ಪ್ರತಿನಿಧಿಗಳು ದೊರೆಯುತ್ತಾರೆ. 2016ರಲ್ಲಿ ರಿಪಬ್ಲಿಕನ್ ಪಕ್ಷದ 2,472 ಪ್ರತಿನಿಧಿಗಳ ಪೈಕಿ 1,237 ಮಂದಿಯ ಬೆಂಬಲ ಗಳಿಸಿದವರಿಗೆ ಟಿಕೆಟ್ ಖಾತ್ರಿ ಎಂಬ ನಿಯಮವಿತ್ತು.

ಈ ಓಟದಲ್ಲಿ ಯಾರ ಅವಕಾಶ ಎಷ್ಟು ಎಂದು ಅಂದಾಜು ಕಟ್ಟುವವರನ್ನು ಅಲ್ಲಿ ‘ಹ್ಯಾಂಡಿಕ್ಯಾಪರ್’ ಎನ್ನುತ್ತಾರೆ. ಇದು ಕುದುರೆ ಪಂದ್ಯದ ಮಾತು. ಬಲವಾದ ಕುದುರೆಗೆ ಸೀಸದ ತೂಕ ಹೇರಿ ಪಂದ್ಯವನ್ನು ಸರಿಸಮ ಮಾಡುವುದು ಹ್ಯಾಂಡಿಕ್ಯಾಪ್. ಎಷ್ಟು ತೂಕ ಹೇರಬೇಕೆಂದು ಹೇಳಬೇಕಾದರೆ ಪ್ರತಿ ಕುದುರೆಯ ತಾಕತ್ತು ತಿಳಿದಿರಬೇಕು.

ಕುದುರೆಯ ವಿಷಯದಲ್ಲಿ ಒಂದು ಅನುಕೂಲವಿದೆ: ಮೊದಲು ಗುರಿ ಮುಟ್ಟಿದ್ದೇ ಗೆದ್ದ ಕುದುರೆ. ಪ್ರಾಥಮಿಕ ಚುನಾವಣೆಯಲ್ಲಿ ಇಷ್ಟು ಸರಳವಾದ ಅಳತೆಯೂ ಇಲ್ಲ. 1972ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಡ್ಮಂಡ್ ಮಸ್ಕಿ ಶೇ 46 ಮತ ಪಡೆದು ಮೊದಲಿಗರಾದರು. ಜಾರ್ಜ್ ಮೆಕ್‌ಗವರ್ನ್ ಅವರಿಗೆ ಬಂದದ್ದು ಶೇ 37. ಆದರೆ ಮಸ್ಕಿ ಪಕ್ಕದ ಮೇನ್ ರಾಜ್ಯದವರು, ಇನ್ನೂ ಭರ್ಜರಿಯಾಗಿ ಗೆಲ್ಲಬೇಕಿತ್ತು ಎಂದು ಪತ್ರಿಕೆಗಳು ಬರೆದವು. ಕೊನೆಗೆ ಉಮೇದುವಾರರಾದವರು ಮೆಕ್‌ಗವರ್ನ್. 1992ರಲ್ಲಿ ಅದೇ ರಾಜ್ಯದಲ್ಲಿ ಬಿಲ್ ಕ್ಲಿಂಟನ್ ಶೇ 25 ಮತದೊಂದಿಗೆ ಎರಡನೆಯವರಾಗಿ ಸೋತರೂ, ಮುಳುಗಿಹೋಗುತ್ತಾರೆ ಎಂದುಕೊಂಡಿದ್ದವರು ಚೇತರಿಸಿಕೊಂಡರೆಂದು ಮೆಚ್ಚುಗೆ ಪಡೆದರು. ಮುಂದೆ ಅಧ್ಯಕ್ಷರೇ ಆದರು. ಅಳತೆಗೋಲು ರಬ್ಬರಿನದಾದರೆ ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿ ತಾನೇ ಸರಿಯಾದ ಉತ್ತರ ತೆಗೆದಾನು?

ಇನ್ನೊಂದು ತೊಡಕು. ನವೆಂಬರ್ ಚುನಾವಣೆಯಲ್ಲಿ ಹೆಚ್ಚಿನ ಮತದಾರರನ್ನು ಅವರ ಪಕ್ಷವೇ ಹಿಡಿದಿಟ್ಟಿರುತ್ತದೆ. ಪ್ರಾಥಮಿಕದಲ್ಲಿ ಎಲ್ಲರೂ ಒಂದೇ ಪಕ್ಷದವರು. ಒಬ್ಬರನ್ನು ಬಿಟ್ಟು ಮತ್ತೊಬ್ಬರತ್ತ ವಾಲುವುದಕ್ಕೆ ಮನಸ್ಸಿಗೆ ಕಷ್ಟವೇನಿಲ್ಲ. ಸೋಮವಾರ ಸಮೀಕ್ಷೆಯವರಿಗೆ ಹೇಳಿದ ಹೆಸರು ಮಂಗಳವಾರ ಮತಗಟ್ಟೆಯಲ್ಲಿ ಬದಲಾಗಿರುತ್ತದೆ.

ಆದರೆ ಗಣಿತ ಕಲಿಯುವ ಮಕ್ಕಳು ನಿಜಕ್ಕೂ ಕುಳಿತು ನೋಡಬೇಕಾದದ್ದು 2015ರ ಲೆಕ್ಕ. ಆ ವರ್ಷದ ಆಗಸ್ಟ್‌ನಲ್ಲಿ ಫೈವ್‌ಥರ್ಟಿಎಯ್ಟ್‌ನ ಸ್ಥಾಪಕ ನೇಟ್ ಸಿಲ್ವರ್, ಡೊನಾಲ್ಡ್ ಟ್ರಂಪ್ ರಿಪಬ್ಲಿಕನ್ ಉಮೇದುವಾರರಾಗುವ ಸಾಧ್ಯತೆ ಕೇವಲ ಶೇ 2 ಎಂದು ಬರೆದರು. ಲೆಕ್ಕ ಹೀಗಿತ್ತು: ಟ್ರಂಪ್ ಆರು ಅಡೆತಡೆಗಳನ್ನು ದಾಟಬೇಕು. ಒಂದೊಂದನ್ನು ದಾಟುವ ಸಾಧ್ಯತೆ ಅರ್ಧ. ಅರ್ಧವನ್ನು ಆರು ಸಲ ಗುಣಿಸಿದರೆ 64ರಲ್ಲಿ 1, ಅಂದರೆ ಸುಮಾರು ಶೇ 2. ಗುಣಾಕಾರ ಸರಿಯಾಗಿಯೇ ಇದೆ. ನಾಣ್ಯವನ್ನು ಆರು ಸಲ ಚಿಮ್ಮಿ ಆರೂ ಸಲ ತಲೆ ಬೀಳುವ ಸಾಧ್ಯತೆಯೂ ಇಷ್ಟೇ.

ನಾಣ್ಯಕ್ಕೆ ಹಿಂದಿನ ಚಿಮ್ಮು ನೆನಪಿರುವುದಿಲ್ಲ. ಚುನಾವಣೆ ಹಾಗಲ್ಲ. ನಮ್ಮ ಎಸ್ಸೆಸ್ಸೆಲ್ಸಿಯ ಆರು ವಿಷಯಗಳನ್ನೇ ತೆಗೆದುಕೊಳ್ಳಿ. ಒಂದು ತರಗತಿಯಲ್ಲಿ ಪ್ರತಿ ವಿಷಯದಲ್ಲೂ ಅರ್ಧದಷ್ಟು ಮಕ್ಕಳು ಪಾಸಾದರೆಂದಿಟ್ಟುಕೊಳ್ಳೋಣ. ಆರರಲ್ಲೂ ಪಾಸಾದವರು 64ಕ್ಕೆ ಒಬ್ಬರು ಮಾತ್ರವೇ? ಎಂದಿಗೂ ಇಲ್ಲ. ಗಣಿತದಲ್ಲಿ ದಾಟಿದವರಲ್ಲಿ ಬಹುಪಾಲು ವಿಜ್ಞಾನದಲ್ಲೂ ದಾಟುತ್ತಾರೆ. ಮೊದಲ ಅಡೆತಡೆ ದಾಟಿದ ಟ್ರಂಪ್‌ಗೂ ಎರಡನೆಯದು ಹಗುರವಾಯಿತು. ಸುದ್ದಿ, ಜನಸಂದಣಿ, ಬೆಂಬಲ ಎಲ್ಲ ಅವರ ಹಿಂದೆ ಬಂದವು. ಸ್ವತಂತ್ರವಲ್ಲದ ಘಟನೆಗಳನ್ನು ಸ್ವತಂತ್ರವೆಂಬಂತೆ ಗುಣಿಸಿದ್ದೇ ಇಲ್ಲಿ ಎಡವಟ್ಟು. 2016ರ ಮೇ ತಿಂಗಳಲ್ಲಿ ಟ್ರಂಪ್ ಎದುರಾಳಿಗಳೆಲ್ಲ ಕಣದಿಂದ ಸರಿದ ಮೇಲೆ, ತಮ್ಮ ಆರಂಭದ ಅಂದಾಜುಗಳು ಯಾವ ಸಂಖ್ಯಾಶಾಸ್ತ್ರೀಯ ಮಾದರಿಯಿಂದಲೂ ಬಂದವಲ್ಲ, ಬರೀ ಊಹೆಗಳು ಎಂದು ಸಿಲ್ವರ್ ಲೇಖನ ಬರೆದೇ ಒಪ್ಪಿಕೊಂಡರು. ಇಂಥ ಪ್ರಾಮಾಣಿಕತೆ ಭವಿಷ್ಯ ಹೇಳುವವರಲ್ಲಿ ಅಪರೂಪ.

ಶೇ 70 ಮಳೆ ಎಂದು ಹವಾಮಾನ ಇಲಾಖೆ ಹೇಳಿದರೆ ಮೋಡ ಅದನ್ನು ಕೇಳಿ ಮನಸ್ಸು ಬದಲಿಸುವುದಿಲ್ಲ. ಚುನಾವಣೆಯ ಭವಿಷ್ಯವನ್ನಾದರೋ ಮತದಾರರೂ ಓದುತ್ತಾರೆ, ಹಣ ಕೊಡುವವರೂ ಓದುತ್ತಾರೆ, ಸ್ಪರ್ಧಿಗಳೂ ಓದುತ್ತಾರೆ. ಗೆಲ್ಲುವುದಿಲ್ಲ ಎಂಬ ಮಾತು ಹಬ್ಬಿದರೆ ದೇಣಿಗೆ ನಿಲ್ಲುತ್ತದೆ, ದೇಣಿಗೆ ನಿಂತರೆ ಪ್ರಚಾರ ನಿಲ್ಲುತ್ತದೆ. ಒಮ್ಮೊಮ್ಮೆ ಇದೇ ಚಕ್ರ ತಿರುಗುಮುರುಗಾಗುವುದೂ ಉಂಟು.

2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅವರ ಕಥೆ ಮುಗಿಯಿತೆಂದು ಬರೆದವರು ಬಹಳ ಮಂದಿ. ಫೆಬ್ರುವರಿ 29ರಂದು ದಕ್ಷಿಣ ಕೆರೊಲಿನಾದಲ್ಲಿ ಕಪ್ಪು ಮತದಾರರ ಬೆಂಬಲದಿಂದ ಶೇ 48ಕ್ಕೂ ಹೆಚ್ಚು ಮತ ಬಂತು. ಮರುದಿನ ಪೀಟ್ ಬುಟಿಜೆಜ್ ಕಣದಿಂದ ಸರಿದರು, ಅದರ ಮರುದಿನ ಏಮಿ ಕ್ಲೋಬುಚಾರ್. ಇಬ್ಬರೂ ಬೈಡನ್ ಪರ ನಿಂತರು. ಮಾರ್ಚ್ 3ರಂದು ಮತದಾನ ನಡೆದ 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಆ ಹತ್ತರಲ್ಲಿ ಕ್ಲೋಬುಚಾರ್ ಅವರ ತವರು ಮಿನ್ನೆಸೋಟವೂ ಒಂದು. ಮೂರು ದಿನದ ಹಿಂದೆ ಅಲ್ಲಿ ಅವರ ಮೇಲೆ ಹಣ ಕಟ್ಟುವವರನ್ನು ಹುಡುಕಬೇಕಿತ್ತು.