ಹೈಡ್ರೋಕ್ಲೋರಿಕ್ ಆಮ್ಲ: ತಯಾರಿಕೆ, ಗುಣ, ಉಪಯೋಗ ಮತ್ತು ಖರೀದಿ
ಶೌಚಾಲಯ ಸ್ವಚ್ಛಗೊಳಿಸಲು ಮಾರಾಟವಾಗುವ ‘ಆಸಿಡ್’ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಾಗಿರುತ್ತದೆ. ಕಾಸ್ಟಿಕ್ ಸೋಡಾ ಕಾರ್ಖಾನೆಗಳಲ್ಲಿ ಉಪ್ಪುನೀರಿನ ವಿದ್ಯುದ್ವಿಭಜನೆಯಿಂದ ದೊರೆಯುವ ಜಲಜನಕ ಹಾಗೂ ಕ್ಲೋರಿನ್ ಅನಿಲಗಳನ್ನು ಸಂಯೋಗಗೊಳಿಸಿ, ನೀರಿನಲ್ಲಿ ಕರಗಿಸಿ ಇದನ್ನು ತಯಾರಿಸಲಾಗುತ್ತದೆ. ಉಕ್ಕಿನ ತುಕ್ಕು ತೆಗೆಯಲೂ ಬಳಕೆಯಲ್ಲಿದೆ. ಸಾಂದ್ರ ಆಮ್ಲವು ಗಾಳಿಯಲ್ಲಿ ಹೊಗೆಯಾಡುತ್ತದೆ. ಚರ್ಮ, ಕಣ್ಣುಗಳನ್ನು ಸುಡುತ್ತದೆ. ಸ್ವಚ್ಛತೆ ಹೆಚ್ಚುವುದೆಂದು ಭಾವಿಸಿ ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸುವುದು ಅಪಾಯಕರ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಆಮ್ಲ ದಾಳಿಗಳನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು 18-7-2013ರಂದು ನೀಡಿದ ನಿರ್ದೇಶನದನ್ವಯ, 18 ವರ್ಷದೊಳಗಿನವರಿಗೆ ಆಮ್ಲ ಮಾರುವಂತಿಲ್ಲ. ಇತರರು ವಿಳಾಸವುಳ್ಳ ಸರ್ಕಾರಿ ಭಾವಚಿತ್ರ ಗುರುತಿನ ಚೀಟಿ ತೋರಿಸಿ, ಉದ್ದೇಶ ತಿಳಿಸತಕ್ಕದ್ದು. ಮಾರಾಟಗಾರರು ವಿವರಗಳನ್ನು ವಹಿಯಲ್ಲಿ ನಮೂದಿಸಿ, ದಾಸ್ತಾನನ್ನು 15 ದಿನಗಳೊಳಗೆ ಉಪವಿಭಾಗೀಯ ದಂಡಾಧಿಕಾರಿಗಳಿಗೆ ಘೋಷಿಸತಕ್ಕದ್ದು. ತಪ್ಪಿದಲ್ಲಿ ದಾಸ್ತಾನು ಮುಟ್ಟುಗೋಲು ಹಾಗೂ ರೂ. 50,000ವರೆಗೆ ದಂಡ ವಿಧಿಸಬಹುದಾಗಿದೆ.