ಗರಿಯಡಿಯ ಕಾವಲಿಗೆ ಬಂದ ಕಣಜ

ತಿಪಟೂರು, ಅರಸೀಕೆರೆ ಕಡೆಯ ತೋಟಗಳಲ್ಲಿ ಬೇಸಿಗೆಯ ಹೊತ್ತಿಗೆ ತೆಂಗಿನ ಕೆಳಗರಿಗಳು ಬೆಂಕಿ ತಾಗಿದಂತೆ ಕಂದಿದರೆ ಬೆಳೆಗಾರರಿಗೆ ಯಾರೂ ಕಾರಣ ಹೇಳಿಕೊಡಬೇಕಿಲ್ಲ. ಅದು ಕಪ್ಪುತಲೆ ಹುಳುವಿನ ಕೆಲಸ. ಗರಿಯ ತಳಭಾಗದಲ್ಲಿ ತನ್ನ ಹಿಕ್ಕೆಗೆ ನೂಲೆಳೆ ಸೇರಿಸಿ ಸುರಂಗ ಕಟ್ಟಿ, ಅದರೊಳಗೇ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಎತ್ತರದ ಮರಕ್ಕೆ ಔಷಧಿ ಹೊಡೆಯುವುದೇ ಕಷ್ಟ. ಹೊಡೆದರೂ ಸುರಂಗದೊಳಕ್ಕೆ ಇಳಿಯುವುದು ಅಷ್ಟಕ್ಕಷ್ಟೆ. ಅದರೊಳಗೆ ತಾನಾಗಿ ನುಗ್ಗಬಲ್ಲ ಜೀವಿಯೊಂದು ಬೇಕಿತ್ತು.

ಅಂಥದ್ದೊಂದು ಕಣಜ ತೋಟದಲ್ಲೇ ಇತ್ತು: ಗೋನಿಯೋಜಸ್ ನೆಫಾಂಟಿಡಿಸ್. ಮೈ ಕಪ್ಪು, ಉದ್ದ 3-4 ಮಿಲಿಮೀಟರ್. ಮೊದಲ ನೋಟಕ್ಕೆ ಇರುವೆಯೇ. ವಿಜ್ಞಾನದ ದಾಖಲೆಗೆ ಅದು ಸೇರಿದ್ದು 1934ರಲ್ಲಿ. ಆದರೆ ತೋಟದಲ್ಲಿ ತಾನಾಗಿ ಇದ್ದಷ್ಟು ಸಾಲುತ್ತಿರಲಿಲ್ಲ. ಏಕೆಂದು ತಿಳಿಯಬೇಕಾದರೆ ಅದರ ಸಂಸಾರವನ್ನು ನೋಡಬೇಕು.

ಹೆಣ್ಣು ಕಣಜ ಬಲಿತ ಹುಳುವನ್ನು ಹುಡುಕಿ ಚುಚ್ಚುತ್ತದೆ. ಹುಳು ನಿಶ್ಚಲವಾಗುತ್ತದೆ, ಆದರೆ ಕೊಳೆಯುವುದಿಲ್ಲ. ಅದರ ಮೈಮೇಲೆ ಸುಮಾರು ಹತ್ತು ಮೊಟ್ಟೆ ಅಂಟಿಸುತ್ತದೆ. ಹುಳು ದಪ್ಪವಿದ್ದಷ್ಟೂ ಮೊಟ್ಟೆ ಹೆಚ್ಚು. ಒಂದೆರಡು ದಿನದಲ್ಲಿ ಹೊರಬಂದ ಮರಿಗಳು ಹೊರಗಿನಿಂದಲೇ ಬಾಯಿಟ್ಟು ಹೀರುತ್ತವೆ. ಕೆಲವೇ ದಿನದಲ್ಲಿ ಹುಳು ಬರೀ ಚರ್ಮವಾಗಿ, ಪಕ್ಕದಲ್ಲಿ ಕಣಜದ ಗೂಡುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಮೊಟ್ಟೆಯಿಂದ ಕಣಜವಾಗುವುದಕ್ಕೆ ಒಟ್ಟು ಎರಡು ವಾರ ಸಾಕು.

ಅಷ್ಟೂ ಹೊತ್ತು ತಾಯಿ ಎಲ್ಲಿರುತ್ತಾಳೆ? ಅಲ್ಲೇ. ಮೊಟ್ಟೆಯಿಟ್ಟು ಹಾರಿಹೋಗುವ ಕಣಜಗಳೇ ಹೆಚ್ಚಿರುವಾಗ, ಈಕೆ ಮರಿಗಳು ಗೂಡು ಕಟ್ಟುವವರೆಗೆ ಬಿಟ್ಟು ಕದಲುವುದಿಲ್ಲ. ಬೇರೆ ಹೆಣ್ಣು ಒಳಗೆ ಬಂದರೆ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತಾಳೆ. ಸೋತರೆ, ಬಂದವಳು ಆ ಮೊಟ್ಟೆಗಳನ್ನು ನಾಶಮಾಡಿ ತನ್ನವನ್ನು ಇಡುತ್ತಾಳೆ. ಗಂಡೋ ಹೆಣ್ಣೋ ಎಂಬುದೂ ತಾಯಿಯ ಕೈಯಲ್ಲಿದೆ: ಫಲಿತ ಮೊಟ್ಟೆ ಹೆಣ್ಣು, ಫಲಿಸದ್ದು ಗಂಡು. ಒಂದು ಸಂಸಾರಕ್ಕೆ ಬಹಳ ಸಲ ಒಂದೇ ಗಂಡು. ಒಡಹುಟ್ಟಿದವರೊಳಗೇ ಕೂಡಿಕೆ ನಡೆದುಹೋಗುತ್ತದೆ. ಈ ಕಾವಲು, ಈ ಜಿಪುಣತನ ಎರಡೂ ನನಗೆ ಅಪಾರ ಬೆರಗಿನ ಸಂಗತಿಗಳು. ಆದರೆ ಒಂದೊಂದು ಸಂಸಾರಕ್ಕೂ ದಿನಗಟ್ಟಲೆ ಕಾಯುವ ತಾಯಿ ತನ್ನ ಒಂದೆರಡು ತಿಂಗಳ ಆಯುಸ್ಸಿನಲ್ಲಿ ಮುಗಿಸಬಲ್ಲ ಹುಳುಗಳು ಎಷ್ಟು?

ಇನ್ನೊಂದು ತೊಡಕು ಕಾಲದ್ದು. ಹುಳುವಿನ ಜೀವನಚಕ್ರ ಎರಡು ತಿಂಗಳಿನದು. ದಕ್ಷಿಣ ಕರ್ನಾಟಕದ ತೋಟಗಳಲ್ಲಿ ನಡೆದ ಅಧ್ಯಯನಗಳು ತೋರಿಸಿರುವಂತೆ ಒಂದು ತೋಟದ ಹುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಒಟ್ಟಿಗೆ ಬಲಿತು ಒಟ್ಟಿಗೆ ಕೋಶಕ್ಕಿಳಿಯುತ್ತವೆ. ಆಮೇಲೆ ವಾರಗಟ್ಟಲೆ ಕಣಜಕ್ಕೆ ಬೇಕಾದ ಹುಳುವೇ ಸಿಗುವುದಿಲ್ಲ. ಹುಳು ಮತ್ತೆ ಬಲಿಯುವ ಹೊತ್ತಿಗೆ ತೋಟದಲ್ಲಿ ಕಣಜ ವಿರಳ. ಆ ಕೊರತೆ ತುಂಬುವುದಕ್ಕೆಂದೇ ಪರೋಪಜೀವಿ ಪ್ರಯೋಗಾಲಯಗಳು ಬೇಕಾದವು.

ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಶುರುವಾದ ಮೇಲೆ ಈ ಬಗೆಯ ಕೆಲಸಕ್ಕೆ ನಮ್ಮಲ್ಲಿ ನೆಲೆ ಸಿಕ್ಕಿತು. ಪ್ರಯೋಗಾಲಯದಲ್ಲಿ ತೆಂಗಿನ ಹುಳು ಬೇಕಿಲ್ಲ. ಸಜ್ಜೆ, ಜೋಳದ ನುಚ್ಚಿನಲ್ಲಿ ಬೆಳೆಸಿದ ಅಕ್ಕಿ ಪತಂಗದ ಹುಳು ಸಾಕು. ಗಾಜಿನ ನಳಿಕೆಯೊಂದಕ್ಕೆ ಒಂದು ಬಲಿತ ಹುಳು, ಕೂಡಿಕೆಯಾದ ಒಂದು ಹೆಣ್ಣು, ಗೋಡೆಗೆ ಸವರಿದ ಜೇನು, ಬಾಯಿಗೆ ಹತ್ತಿ. ಕಾವಲು ಕಾಯುವ ತಾಯಿಯಾದ್ದರಿಂದ ಇಬ್ಬರನ್ನು ಒಂದೇ ಹುಳುವಿನ ಬಳಿ ಬಿಟ್ಟರೆ ಜಗಳ ಖಚಿತ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು: ತೋಟಕ್ಕೆ ಬಿಡುವ ಮುನ್ನ ಜೇನುಣಿಸಿ, ಕೂಡಿಕೆಗೆ ಬಿಟ್ಟು, ಕಪ್ಪುತಲೆ ಹುಳುವಿನ ಹಿಕ್ಕೆಯ ವಾಸನೆ ತೋರಿಸಿದರೆ ಕಣಜ ಹುಳುವನ್ನು ಚೆನ್ನಾಗಿ ಹುಡುಕುತ್ತದೆ.

ಮರಕ್ಕೆ ಇಷ್ಟು ಎಂದು ಎಣಿಸಿ ಬಿಟ್ಟರೂ ದಿನ ತಪ್ಪಿದರೆ ಫಲವಿಲ್ಲ. ಬಿಡುವ ಮುಂಚೆ ನಾಲ್ಕಾರು ಗರಿ ಇಳಿಸಿ ಸುರಂಗ ಬಿಡಿಸಿ ನೋಡಬೇಕು. ಬಲಿತ ಹುಳುಗಳಿದ್ದರೆ ಗೋನಿಯೋಜಸ್‌ಗೆ ಅದೇ ಸಮಯ. ಸಣ್ಣ ಮರಿಗಳೇ ಇದ್ದರೆ ಕೆಲವು ದಿನ ತಡೆಯಬೇಕು. ಎಲ್ಲ ಕೋಶವಾಗಿದ್ದರೆ ಕೇಳಬೇಕಾದದ್ದು ಗೋನಿಯೋಜಸ್ಸನ್ನಲ್ಲ, ಕೋಶವನ್ನೇ ಹಿಡಿಯುವ ಬ್ರಾಕಿಮೇರಿಯಾದಂಥ ಬೇರೆ ಕಣಜವನ್ನು.